ಗಂಜಿಯೂ ಪರಮಪ್ರಸಾದವೂ

(ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಒಂದು ಊರು. ಒಬ್ಬರು ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಇನ್ನೊಬ್ಬರು ಬಂಟ್ವಾಳದ ಕಡೆಯ ಹಿರಿಯ ಸಿಸ್ಟರ್. ತೋಟದ ಲೈನ್ ಮನೆಗಳ ಮಕ್ಕಳಿಗೆಲ್ಲ ಸಂಜೆ ಪಾಠ ಹೇಳುತ್ತಾರೆ; ಭಾನುವಾರ ಕಥೋಲಿಕ ಮನೆಗಳ ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸುತ್ತಾರೆ.)

ಮೇಷ್ಟ್ರು: ಸಿಸ್ಟರ್, ಬಹಳ ದಿನದಿಂದ ಮನಸ್ಸಿನಲ್ಲಿರುವುದನ್ನು ನೇರವಾಗಿ ಕೇಳಿಬಿಡುತ್ತೇನೆ. ಕುಯ್ಲಿಗೆಂದು ಜಾರ್ಖಂಡಿನಿಂದ ಬಂದವರ ಮಕ್ಕಳು ನಿಮ್ಮಲ್ಲಿಗೆ ಬರುತ್ತಾರೆ. ಮೈಮೇಲೆ ಸ್ವೆಟರ್ ಇರುವುದಿಲ್ಲ, ಬೆಳಗ್ಗೆ ಏನೂ ತಿಂದಿರುವುದಿಲ್ಲ, ಕನ್ನಡ ಬರುವುದಿಲ್ಲ. ನೀವು ಗಂಜಿ ಕೊಡುತ್ತೀರಿ, ಅಕ್ಷರ ಕಲಿಸುತ್ತೀರಿ. ಅದಕ್ಕೆ ಕೈಮುಗಿಯುತ್ತೇನೆ. ಆದರೆ ಭಾನುವಾರ ಅದೇ ಮಕ್ಕಳನ್ನು ಕೂರಿಸಿಕೊಂಡು ಪಾಪನಿವೇದನೆ, ಪರಮಪ್ರಸಾದ ಎಂದು ತಿಂಗಳುಗಟ್ಟಲೆ ತಯಾರಿ ಮಾಡಿಸುತ್ತೀರಲ್ಲ, ಅದು ಈಗ ಅಷ್ಟು ಅಗತ್ಯವೇ? ಆ ಹೊತ್ತಿನಲ್ಲಿ ಮಗ್ಗಿ ಕಲಿಸಬಹುದಿತ್ತು.

ಸಿಸ್ಟರ್: ಮಗ್ಗಿಯನ್ನು ವಾರದ ದಿನ ಕಲಿಸುತ್ತೇವೆ ಮೇಷ್ಟ್ರೇ. ಭಾನುವಾರದ್ದು ತಾಯಂದಿರೇ ಕೇಳಿಕೊಂಡದ್ದು. ಈ ಸಲ ಬಂದವರಲ್ಲಿ ಒಬ್ಬಳು ನನ್ನ ಹತ್ತಿರ ಅಕ್ಕಿ ಕೇಳಲಿಲ್ಲ, ಕಂಬಳಿ ಕೇಳಲಿಲ್ಲ. ಮಗನಿಗೆ ಒಂಬತ್ತು ತುಂಬಿತು, ಊರಿನಲ್ಲಿ ಅವನ ಓರಗೆಯವರೆಲ್ಲ ಪ್ರಸಾದ ಸ್ವೀಕರಿಸಿ ಆಯಿತು, ಇವನೊಬ್ಬ ಉಳಿದುಬಿಟ್ಟ ಎಂದು ಕಣ್ಣೊರೆಸಿಕೊಂಡಳು. ಇಟ್ಟಿಗೆ ಗೂಡಿನಿಂದ ಕಟ್ಟಡದ ಕೆಲಸಕ್ಕೆ, ಅಲ್ಲಿಂದ ತೋಟಕ್ಕೆ ಸುತ್ತಾಡುವುದರಲ್ಲಿ ಯಾವ ಇಗರ್ಜಿಯಲ್ಲೂ ಒಂದು ವರ್ಷ ನಿಲ್ಲಲಾಗಲಿಲ್ಲವಂತೆ. ಬಡವರಿಗೆ ಯಾವುದು ಮೊದಲು ಬೇಕು, ಯಾವುದು ಆಮೇಲೆ ಎಂದು ನಾವು ಕೂತು ಪಟ್ಟಿ ಮಾಡುತ್ತೇವೆ. ಅವರನ್ನು ಕೇಳುವುದಿಲ್ಲ.

ಮೇಷ್ಟ್ರು: ತಾಯಿಯ ಆಸೆ ಅರ್ಥವಾಗುತ್ತದೆ. ಆದರೆ ಏಳೆಂಟು ವರ್ಷದ ಮಗುವಿಗೆ ಇದರಲ್ಲಿ ಏನು ತಿಳಿಯುತ್ತದೆ? ದೊಡ್ಡವರಾದ ಮೇಲೆ ತಿಳಿದು ಮಾಡಲಿ ಎಂದರೆ ಆಗದೇ?

ಸಿಸ್ಟರ್: ನಮ್ಮ ಸಭೆಯಲ್ಲೂ ಬಹಳ ಕಾಲ ಹಾಗೆಯೇ ನಡೆಯಿತು. ಹತ್ತು, ಹನ್ನೆರಡು, ಕೆಲವು ದೇಶಗಳಲ್ಲಿ ಹದಿನಾಲ್ಕು ವರ್ಷ ತುಂಬುವವರೆಗೂ ಮಕ್ಕಳನ್ನು ಕಾಯಿಸುತ್ತಿದ್ದರು. ಧರ್ಮೋಪದೇಶ ಪೂರ್ತಿ ಬಾಯಿಪಾಠವಾಗಲಿ, ಆಮೇಲೆ ನೋಡೋಣ ಎಂದು. ಅದರಿಂದ ಪೆಟ್ಟು ಬಿದ್ದದ್ದು ಯಾರಿಗೆ ಎಂದು ಯೋಚಿಸಿ. ಉಳ್ಳವರ ಮಗು ಹನ್ನೆರಡರಲ್ಲೂ ಶಾಲೆಯಲ್ಲೇ ಇರುತ್ತದೆ, ಕಾಯಬಹುದು. ಕೂಲಿಯವನ ಮಗು ಹನ್ನೆರಡಕ್ಕೆ ಗಿರಣಿ ಸೇರಿರುತ್ತದೆ, ಹೊಲಕ್ಕೆ ಇಳಿದಿರುತ್ತದೆ. ಅದು ಬರುವುದೇ ಇಲ್ಲ. 1910ರ ಆಗಸ್ಟ್ 8ರಂದು ಹತ್ತನೆಯ ಪಿಯುಸ್ ಪೋಪರು ಆಜ್ಞೆ ಹೊರಡಿಸಿ, ತಿಳಿವಳಿಕೆ ಮೂಡುವ ಸುಮಾರು ಏಳನೆಯ ವಯಸ್ಸಿಗೇ ಪ್ರಸಾದ ಕೊಡಬೇಕು ಎಂದರು. ಅವರೇನು ಅರಮನೆಯಲ್ಲಿ ಹುಟ್ಟಿದವರಲ್ಲ. ಇಟಲಿಯ ರಿಯೆಸೆ ಎಂಬ ಹಳ್ಳಿಯ ಬಡ ಅಂಚೆಯವನ ಮಗ. ದೂರದ ಶಾಲೆಗೆ ನಡೆಯುವಾಗ ಸವೆಯಬಾರದೆಂದು ಶೂಗಳನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಹೋಗುತ್ತಿದ್ದರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಮೇಷ್ಟ್ರು: ಆ ಏಳು ವರ್ಷದ ಮಗುವಿಗೆ ಎಷ್ಟು ತಿಳಿದಿರಬೇಕು ಎಂದರು?

ಸಿಸ್ಟರ್: ನೀವು ಕೇಳಿದ್ದು ಒಳ್ಳೆಯದಾಯಿತು, ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹಿಡಿದುಕೊಂಡಿರುವುದು ಆ ಒಂದು ಮಾತನ್ನೇ. ಎಲ್ಲ ತಿಳಿದಿರಬೇಕಾಗಿಲ್ಲ. ದಿನನಿತ್ಯ ತಿನ್ನುವ ರೊಟ್ಟಿ ಬೇರೆ, ಇದು ಬೇರೆ ಎಂದು ಗುರುತಿಸಬಲ್ಲ ಮಗುವಾದರೆ ಸಾಕು ಎಂಬುದೇ ಅಲ್ಲಿನ ಅಳತೆ. ಓದುವಾಗ ಸುಲಭವಾಗಿ ಕಾಣುತ್ತದೆ. ಹಸಿದ ಮಗುವಿನ ಮುಂದೆ ಕೂತು ಹೇಳಿಕೊಡಲು ಹೊರಟರೆ ಗೊತ್ತಾಗುತ್ತದೆ. ಮೊದಲ ವರ್ಷ ಅಭ್ಯಾಸಕ್ಕೆಂದು ಮಕ್ಕಳಿಗೆ ಮಂತ್ರಿಸದ ಓಸ್ತಿ ಕೊಟ್ಟೆ. ಬರಿಯ ಗೋಧಿಹಿಟ್ಟು, ನೀರು. ಕಾದ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಬೇಯಿಸಿದ್ದು, ಕಾಗದದಷ್ಟು ತೆಳು. ಒಬ್ಬ ಹುಡುಗ ನಾಲಿಗೆಯ ಮೇಲಿಟ್ಟುಕೊಂಡು ಇನ್ನೊಂದು ಇದೆಯೇ ಎಂದು ಕೇಳಿದ. ಬೇರೆ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಬೆಳಗ್ಗೆಯಿಂದ ಏನೂ ತಿನ್ನದ ಮಗುವಿಗೆ ಎರಡು ರೊಟ್ಟಿಯ ವ್ಯತ್ಯಾಸ ಹೇಗೆ ತಿಳಿದೀತು? ಅದರ ಹೊಟ್ಟೆಗೆ ಮೊದಲನೆಯದೇ ಬಿದ್ದಿಲ್ಲವಲ್ಲ. ಅಂದಿನಿಂದ ನಮ್ಮಲ್ಲಿ ಮೊದಲು ಗಂಜಿ, ಆಮೇಲೆ ಪಾಠ.

ಮೇಷ್ಟ್ರು: ಆ ಮಕ್ಕಳು ಗಂಜಿ ಉಣ್ಣುತ್ತಾರೆಯೇ? ನಮ್ಮ ಬಿಸಿಯೂಟದ ಸಾಂಬಾರು ಕಂಡರೆ ಮೂಗು ಮುರಿಯುತ್ತಾರೆ.

ಸಿಸ್ಟರ್: ಕುಚ್ಚಲಕ್ಕಿ ಅವರಿಗೆ ಹೊಸದಲ್ಲ. ಅವರ ಊರಿನ ಉಸ್ನಾ ಅಕ್ಕಿಯೂ ಭತ್ತ ಬೇಯಿಸಿ ಒಣಗಿಸಿ ಕುಟ್ಟಿದ್ದೇ. ಗಂಜಿಗೆ ಉಪ್ಪು, ಒಂದು ಹಸಿಮೆಣಸು, ಸ್ವಲ್ಪ ಚಟ್ನಿ ಹಾಕಿ ಕೊಟ್ಟರೆ ಬಟ್ಟಲು ನೆಕ್ಕುತ್ತಾರೆ. ನಮ್ಮ ಕರಾವಳಿಯೂ ಅವರ ಛೋಟಾನಾಗಪುರವೂ ಆ ಬಟ್ಟಲಿನಲ್ಲಿ ಒಂದಾದವು.

ಮೇಷ್ಟ್ರು: ಆದರೆ ಪ್ರಸಾದ ಸ್ವೀಕರಿಸುವ ಮುಂಚೆ ಉಪವಾಸ ಇರಬೇಕಲ್ಲವೇ? ಗಂಜಿ ಉಂಡ ಮೇಲೆ ಹೇಗೆ?

ಸಿಸ್ಟರ್: ಈಗ ಒಂದು ಗಂಟೆ ಮಾತ್ರ. ನನ್ನ ತಾಯಿಯ ಕಾಲದಲ್ಲಿ ಮಧ್ಯರಾತ್ರಿಯಿಂದ ಒಂದು ಹನಿ ನೀರೂ ಕುಡಿಯುವಂತಿರಲಿಲ್ಲ. ಕತ್ತಲಲ್ಲೇ ಎದ್ದು, ಗುಡ್ಡ ಇಳಿದು, ತೋಡು ದಾಟಿ, ಇಗರ್ಜಿಗೆ ನಡೆಯಬೇಕು. ಪೂಜೆ ಮುಗಿಯುವ ಹೊತ್ತಿಗೆ ಮಕ್ಕಳು ಬವಳಿ ಬಂದು ಬೀಳುತ್ತಿದ್ದರಂತೆ. 1953ರಲ್ಲಿ ನೀರು ಕುಡಿಯಬಹುದು ಎಂದಾಯಿತು, 1957ರಲ್ಲಿ ಊಟಕ್ಕೂ ಪ್ರಸಾದಕ್ಕೂ ನಡುವೆ ಮೂರು ಗಂಟೆ ಎಂದಾಯಿತು, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ನಿಯಮ ಸಡಿಲಿಸಿದ್ದು ಭಕ್ತಿ ಕಡಿಮೆಯಾಗಲಿ ಎಂದಲ್ಲ. ದೂರ ನಡೆದು ಬರುವವರು, ರಾತ್ರಿಪಾಳಿ ಮುಗಿಸಿ ಬರುವವರು ಪ್ರಸಾದದಿಂದ ದೂರ ಉಳಿಯಬಾರದು ಎಂದು. ಇನ್ನೊಂದು ಮಾತು ಹೇಳುತ್ತೇನೆ. ಮಕ್ಕಳಿಗೆ ಉಪವಾಸ ಎಂದರೇನು ಎಂದು ವಿವರಿಸುವಾಗ ನಾನು ತುಂಬ ಎಚ್ಚರ ವಹಿಸುತ್ತೇನೆ. ಊಟ ಇದ್ದೂ ಬಿಡುವುದು ಉಪವಾಸ. ಇಲ್ಲದೆ ಬಿಡುವುದು ಹಸಿವು. ಮೊದಲನೆಯದನ್ನು ದೇವರಿಗೆ ಒಪ್ಪಿಸಬಹುದು. ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ನಾವು, ದೊಡ್ಡವರು.

ಮೇಷ್ಟ್ರು: ಇಷ್ಟು ನೇರವಾಗಿ ಮಕ್ಕಳಿಗೂ ಹೇಳುತ್ತೀರಾ?

ಸಿಸ್ಟರ್: ಹೇಳದೆ ಹೇಗಾದೀತು? ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಇದೇ ಜಗಳ. ಪ್ರಭುವಿನ ಭೋಜನಕ್ಕೆಂದು ಸೇರುತ್ತಿದ್ದವರಲ್ಲಿ ಉಳ್ಳವರು ಮುಂಚೆಯೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು. ಕೆಲಸ ಮುಗಿಸಿ ತಡವಾಗಿ ಬಂದ ಬಡವರು ಹಸಿದೇ ಕೂರುತ್ತಿದ್ದರು. ಇದನ್ನು ಪ್ರಭುವಿನ ಭೋಜನ ಎನ್ನಲು ನಾಚಿಕೆಯಾಗುವುದಿಲ್ಲವೇ ಎಂಬ ಧಾಟಿಯಲ್ಲಿ ಪೌಲರು ಗದರುತ್ತಾರೆ. ಪರಮಪ್ರಸಾದದ ಬಗ್ಗೆ ನಮಗೆ ಸಿಗುವ ಅತ್ಯಂತ ಹಳೆಯ ಬರವಣಿಗೆ ಅದೇ ಪತ್ರದ್ದು. ಅದು ಹುಟ್ಟಿದ್ದೇ ಬಡವರ ಹಸಿವಿನ ಮೇಲಿನ ಜಗಳದಲ್ಲಿ. ಹಾಗಾಗಿ ಗಂಜಿ ಒಂದು ಕೆಲಸ, ಪ್ರಸಾದ ಇನ್ನೊಂದು ಕೆಲಸ ಎಂದು ಬೇರೆ ಮಾಡಲು ನನಗೆ ಬರುವುದಿಲ್ಲ.

ಮೇಷ್ಟ್ರು: ನಿಮ್ಮಲ್ಲೂ ಮೇಲು ಕೀಳು ಇಲ್ಲವೆಂದೇನೂ ಅಲ್ಲವಲ್ಲ.

ಸಿಸ್ಟರ್: ಇತ್ತು, ಇದೆ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಬಾಮಣ್, ಚಾರೊಡಿ, ಸುದಿರ್ ಎಂದು ಲೆಕ್ಕ ಹಾಕಿ ಸಂಬಂಧ ಬೆಳೆಸಿದವರು ನಮ್ಮ ಹಿರಿಯರೇ. ಈ ಇಗರ್ಜಿಯಲ್ಲೂ ತೋಟದ ಮಾಲೀಕರ ಕುಟುಂಬ ಯಾವ ಬೆಂಚಿನಲ್ಲಿ ಕೂರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಪ್ರಸಾದಕ್ಕೆ ಸಾಲು ಒಂದೇ. ಮಾಲೀಕರ ಮೊಮ್ಮಗಳಿಗೂ ಕಾಫಿ ಕುಯ್ಯುವವಳ ಮಗಳಿಗೂ ಗುರುಗಳು ಹೇಳುವ ಮಾತು ಒಂದೇ, ಕೈಯಲ್ಲಿಡುವ ಓಸ್ತಿಯ ಅಳತೆ ಒಂದೇ. ಆ ಒಂದು ದಿನ ಉಡುಪಿನಲ್ಲೂ ವ್ಯತ್ಯಾಸ ಕಾಣಬಾರದೆಂದು ಕಾನ್ವೆಂಟಿನ ಟ್ರಂಕಿನಲ್ಲಿ ಬಿಳಿ ಫ್ರಾಕು, ಬಿಳಿ ಅಂಗಿ ಒಗೆದು ಇಸ್ತ್ರಿ ಮಾಡಿ ಇಟ್ಟಿರುತ್ತೇವೆ. ಯಾರು ಹೊಲಿಸಿಕೊಂಡದ್ದು, ಯಾರು ಟ್ರಂಕಿನಿಂದ ತೊಟ್ಟದ್ದು ಎಂದು ನಮಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಮೇಷ್ಟ್ರು: ಊರಿನಲ್ಲಿ ಒಂದು ಮಾತಿದೆ. ನಿಮ್ಮ ಕಿವಿಗೂ ಬಿದ್ದಿರಬೇಕು. ಅಕ್ಕಿ ಕೊಟ್ಟು, ಪಾಠ ಹೇಳಿ, ಕೊನೆಗೆ ಮತಕ್ಕೆ ಸೇರಿಸಿಕೊಳ್ಳುತ್ತಾರೆ ಎಂದು.

ಸಿಸ್ಟರ್: ಬಿದ್ದಿದೆ. ಕೋಪ ಬರುವುದಿಲ್ಲ, ಏಕೆಂದರೆ ಅದು ಕೇಳಲೇಬೇಕಾದ ಪ್ರಶ್ನೆ. ಹಸಿದವನ ಮುಂದೆ ಅನ್ನವಿಟ್ಟು, ನಂಬಿದರೆ ಮಾತ್ರ ಉಣ್ಣು ಎನ್ನುವುದು ಪಾಪ. ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಧರ್ಮ ಸಾರುವಾಗ ಬಲವಂತದ ವಾಸನೆ ಇರಬಾರದು, ಅಪ್ರಾಮಾಣಿಕ ಒತ್ತಾಯ ಇರಬಾರದು, ಬಡವರ ಮತ್ತು ಓದುಬರಹ ಇಲ್ಲದವರ ವಿಷಯದಲ್ಲಂತೂ ವಿಶೇಷವಾಗಿ ಇರಬಾರದು ಎಂದಿದೆ. ಸಭೆಯ ಕಾನೂನಿನಲ್ಲಿ, ತಂದೆ ತಾಯಿಯರಲ್ಲಿ ಒಬ್ಬರಾದರೂ ಒಪ್ಪದೆ ಮಗುವಿಗೆ ದೀಕ್ಷಾಸ್ನಾನ ಕೊಡುವಂತಿಲ್ಲ. ನಮ್ಮ ಸಂವಿಧಾನದ 28ನೇ ವಿಧಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಪಾಠಕ್ಕೆ ಕೂರಿಸುವಂತಿಲ್ಲ. ಇವು ಕಾಗದದ ಮಾತಾಯಿತು. ನಮ್ಮ ಅಂಗಳದಲ್ಲಿ ನೀವೇ ಬಂದು ನೋಡಿ. ಸಂಜೆಯ ಗಂಜಿ, ಪಾಠ ಲೈನಿನ ಎಲ್ಲ ಮಕ್ಕಳಿಗೆ. ಅವರಲ್ಲಿ ಅಸ್ಸಾಮಿನ ಮುಸಲ್ಮಾನರ ಮಕ್ಕಳಿದ್ದಾರೆ, ಈ ಊರಿನದೇ ದಲಿತರ ಮಕ್ಕಳಿದ್ದಾರೆ, ಸರ್ನಾ ಎಂಬ ಪವಿತ್ರ ತೋಪನ್ನು ಪೂಜಿಸುವ ಮುಂಡಾ ಆದಿವಾಸಿಗಳ ಮಕ್ಕಳಿದ್ದಾರೆ. ಅಲ್ಲಿ ಧರ್ಮೋಪದೇಶದ ಪುಸ್ತಕ ತೆಗೆಯುವುದಿಲ್ಲ. ಭಾನುವಾರಕ್ಕೆ ಹೆಸರು ಬರೆಸಬೇಕಾದರೆ ಊರಿನ ಇಗರ್ಜಿಯಿಂದ ದೀಕ್ಷಾಸ್ನಾನದ ಪತ್ರ ಬೇಕು, ತಂದೆಯೋ ತಾಯಿಯೋ ಬಂದು ಹೇಳಬೇಕು.

ಮೇಷ್ಟ್ರು: ಸರ್ನಾ ಮಗುವೊಂದು ನಾನೂ ಬಿಳಿ ಫ್ರಾಕು ಹಾಕಿಕೊಳ್ಳುತ್ತೇನೆ ಎಂದರೆ?

ಸಿಸ್ಟರ್: ಹೋದ ವರ್ಷ ಕೇಳಿದಳು. ಫ್ರಾಕು ಕೊಟ್ಟೆ, ಹೂ ಹಿಡಿದು ಮೆರವಣಿಗೆಯಲ್ಲಿ ಬಂದಳು. ಅವಳ ತಂದೆಗೆ ಮೊದಲೇ ಹೇಳಿದ್ದೆ. ಪ್ರಸಾದದ ಸಾಲಿಗೆ ಅವಳನ್ನು ನಿಲ್ಲಿಸಲಿಲ್ಲ. ಆಮೇಲೆ ಎಲ್ಲರ ಜೊತೆ ಕೂತು ಕೇಕು ತಿಂದಳು.

ಮೇಷ್ಟ್ರು: ಈ ಕೆಲಸ ಶುರುವಾದದ್ದು ಎಲ್ಲಿಂದ? ನಮ್ಮ ಕಡೆ ಸಿಸ್ಟರ್ ಎಂದರೆ ಇಂಗ್ಲಿಷ್ ಮೀಡಿಯಂ ಶಾಲೆ ಎಂದೇ ಜನ ತಿಳಿದಿದ್ದಾರೆ.

ಸಿಸ್ಟರ್: ಅದು ನಮ್ಮ ತಪ್ಪೂ ಹೌದು. ಶುರುವಾದದ್ದು ಹಾಗಲ್ಲ. 1887ರಲ್ಲಿ ಮಂಗಳೂರಿನಲ್ಲಿ ಅರ್ಬನ್ ಸ್ಟೈನ್ ಎಂಬ ಜರ್ಮನ್ ಜೆಸ್ವಿತ್ ಗುರುಗಳು ಊರಿನ ಹೆಣ್ಣುಮಕ್ಕಳನ್ನು ಸೇರಿಸಿ, ಹೆಂಗಸರಿಗೂ ಮಕ್ಕಳಿಗೂ ಧರ್ಮೋಪದೇಶ ಹೇಳಲೆಂದೇ ಒಂದು ಬಳಗ ಕಟ್ಟಿದರು. ಇಂದಿನ ಅರ್ಸುಲೈನ್ ಫ್ರಾನ್ಸಿಸ್ಕನ್ ಸಿಸ್ಟರ್‌ಗಳು ಅದರಿಂದ ಬೆಳೆದವರು. 1921ರಲ್ಲಿ ಬೆಂದೂರಿನಲ್ಲಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಬೆಥನಿ ಸಂಸ್ಥೆ ಕಟ್ಟಿದರು. ಅವರು ಶಿವಮೊಗ್ಗದಲ್ಲಿ ಹುಟ್ಟಿದವರು. ಆದರೆ ನಿಮ್ಮ ಶಾಲೆಗೆ ಬರುವ ಈ ಮಕ್ಕಳ ಊರಿನ ಕಥೆ ಇನ್ನೂ ದೊಡ್ಡದು. ಅದನ್ನು ಹೇಳಲೇ?

ಮೇಷ್ಟ್ರು: ಹೇಳಿ, ನನಗೆ ಆ ಊರುಗಳ ಬಗ್ಗೆ ಏನೂ ಗೊತ್ತಿಲ್ಲ.

ಸಿಸ್ಟರ್: 1885ರಲ್ಲಿ ಬೆಲ್ಜಿಯಂನ ಕಾನ್ಸ್ಟಂಟ್ ಲೀವೆನ್ಸ್ ಎಂಬ ಜೆಸ್ವಿತ್ ಗುರುಗಳು ಛೋಟಾನಾಗಪುರಕ್ಕೆ ಹೋದರು. ಆದಿವಾಸಿಗಳ ಭೂಮಿಯನ್ನು ಜಮೀನ್ದಾರರು ಕಿತ್ತುಕೊಳ್ಳುತ್ತಿದ್ದ ಕಾಲ. ಗುರುಗಳು ಭೂಮಿಯ ಕಾನೂನು ಕಲಿತು, ಕೋರ್ಟಿನಲ್ಲಿ ಅವರ ಪರ ನಿಲ್ಲುವ ವ್ಯವಸ್ಥೆ ಮಾಡಿದರು. ಜನ ತಂಡೋಪತಂಡವಾಗಿ ಬಂದರು. ಆದರೆ ಆ ಹಳ್ಳಿಗಳ ಹೆಂಗಸರಿಗೆ, ಮಕ್ಕಳಿಗೆ ಯಾರು ಕಲಿಸಬೇಕು? ರಾಂಚಿಗೆ ಲೊರೆಟೊ ಸಿಸ್ಟರ್‌ಗಳು ಬಂದರು, ಶಾಲೆ ತೆರೆದರು. ಆ ಶಾಲೆಯಲ್ಲಿ ಓದಿದ ಉರಾಂವ್ ಹುಡುಗಿಯೊಬ್ಬಳು, ಬರ್ನಾಡೆಟ್ ಕಿಸ್ಪೊಟ್ಟ, ಮದುವೆಯಾಗುವುದಿಲ್ಲ, ನನ್ನ ಜನರ ನಡುವೆ ದೇವರ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದಳು. ಮನೆಯವರಿಗೆ ದಿಗಿಲು. ಹೆಣ್ಣುಮಗಳು ಮದುವೆಯಾಗದೆ ಉಳಿಯುವುದು ಆ ಸಮಾಜದಲ್ಲಿ ಯಾರೂ ಕೇಳಿರಲಿಲ್ಲ. ಅವಳು ಮತ್ತು ಮೂವರು ಗೆಳತಿಯರು ಜಗ್ಗಲಿಲ್ಲ. 1897ರ ಜುಲೈ 26ರಂದು ಆ ನಾಲ್ವರಿಂದ ಸಂತ ಅನ್ನಮ್ಮನವರ ಪುತ್ರಿಯರು ಎಂಬ ಸಂಸ್ಥೆ ಹುಟ್ಟಿತು. ಬರ್ನಾಡೆಟ್‌ಗೆ ಆಗ ಹತ್ತೊಂಬತ್ತು ವರ್ಷ. ಯುರೋಪಿನಿಂದ ಬಂದವರು ಕಟ್ಟಿದ್ದಲ್ಲ ಅದು, ಆದಿವಾಸಿ ಹುಡುಗಿಯರು ಕಟ್ಟಿದ್ದು. ಹಳ್ಳಿ ಹಳ್ಳಿಗೆ ನಡೆದು, ಅವರದೇ ಭಾಷೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟರು, ಹೆಣ್ಣುಮಕ್ಕಳಿಗೆ ಓದು ಹೇಳಿಕೊಟ್ಟರು. ನನ್ನ ಮುಂದೆ ಬಂದು ಕಣ್ಣೊರೆಸಿಕೊಂಡ ಆ ತಾಯಿಯ ಅಜ್ಜಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದ್ದು ಅಂಥ ಒಬ್ಬ ಸಿಸ್ಟರ್ ಅಂತೆ. ನಾನು ಅವರಿಗೆ ಹೊಸದೇನೂ ಕೊಡುತ್ತಿಲ್ಲ ಮೇಷ್ಟ್ರೇ. ಅವರು ಊರಿನಿಂದ ಹೊತ್ತು ತಂದದ್ದು ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುತ್ತಿದ್ದೇನೆ.

ಮೇಷ್ಟ್ರು: ಪಾಠ ಯಾವ ಭಾಷೆಯಲ್ಲಿ?

ಸಿಸ್ಟರ್: ಸಾದ್ರಿಯಲ್ಲಿ. ನಮ್ಮ ಮನೆಯಲ್ಲಿ ಸಿಮ್ಡೇಗಾ ಕಡೆಯ ಕಿರಿಯ ಸಿಸ್ಟರ್ ಒಬ್ಬರಿದ್ದಾರೆ, ಅವರು ಹೇಳುತ್ತಾರೆ. ನಾನು ಪಕ್ಕದಲ್ಲಿ ಕೂತು ಹಿಂದಿಯಲ್ಲಿ ತಡವರಿಸುತ್ತೇನೆ. ಶಾಲೆಗೆ ಕನ್ನಡ ಬೇಕು, ಅದನ್ನು ಸಂಜೆ ಕಲಿಸುತ್ತೇವೆ. ಪ್ರಾರ್ಥನೆ ತಾಯಿಯ ಭಾಷೆಯಲ್ಲೇ ಇರಲಿ. ಪಾಪನಿವೇದನೆಗೂ ಹಿಂದಿ ಬಲ್ಲ ಗುರುಗಳನ್ನು ಕರೆಸುತ್ತೇವೆ. ಎಂಟು ವರ್ಷದ ಮಗು ಜೀವನದಲ್ಲಿ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡುವಾಗ ಶಬ್ದಕ್ಕಾಗಿ ಪರದಾಡಬಾರದು.

ಮೇಷ್ಟ್ರು: ಪಾಪನಿವೇದನೆ ನನಗೆ ಇನ್ನೂ ಒಗ್ಗುವುದಿಲ್ಲ. ಅಷ್ಟು ಸಣ್ಣ ಮಗುವಿನ ತಲೆಗೆ ಪಾಪದ ಭಯ ಏಕೆ? ಹೊರದೇಶಗಳಲ್ಲಿ ಸಿಸ್ಟರ್‌ಗಳು ನಡೆಸುತ್ತಿದ್ದ ಮನೆಗಳ ಬಗ್ಗೆಯೂ ಓದಿದ್ದೇನೆ.

ಸಿಸ್ಟರ್: ಓದಬೇಕು. ನಾವೂ ಓದಬೇಕು. ಐರ್ಲೆಂಡಿನಲ್ಲಿ 2009ರಲ್ಲಿ ಹೊರಬಂದ ಆಯೋಗದ ವರದಿಯಲ್ಲಿ, ಧಾರ್ಮಿಕ ಸಂಸ್ಥೆಗಳು ನಡೆಸಿದ ಮನೆಗಳಲ್ಲಿ ಬಡ ಮಕ್ಕಳನ್ನು ಹೊಡೆದದ್ದು, ಹೆದರಿಸಿದ್ದು, ಕೆಡಿಸಿದ್ದು ಎಲ್ಲ ಇದೆ. ಕೆನಡಾದ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳು ತಮ್ಮ ಭಾಷೆ ಆಡಿದರೆ ಶಿಕ್ಷೆ. 2022ರ ಜುಲೈಯಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. ಅಲ್ಲಿದ್ದವರು ತೊಟ್ಟಿದ್ದೂ ನಾನು ತೊಟ್ಟಂಥ ಉಡುಪೇ. ಬಡ ಮಗುವಿನ ಮೇಲೆ ದೊಡ್ಡವರಿಗೆ ಇರುವ ಅಧಿಕಾರಕ್ಕೆ ಲಗಾಮು ಇರುವುದಿಲ್ಲ, ಏಕೆಂದರೆ ಅದರ ತಂದೆ ತಾಯಿ ಬಂದು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅದಕ್ಕೇ ನಮ್ಮಲ್ಲಿ ಮಗುವನ್ನು ಒಬ್ಬರೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳುವುದಿಲ್ಲ. ಜಗಲಿಯಲ್ಲಿ, ಬಾಗಿಲು ತೆರೆದು, ಯಾವ ತಾಯಿ ಬೇಕಾದರೂ ಬಂದು ಕೂರಬಹುದು. ಬೆತ್ತ ಮನೆಯಲ್ಲೇ ಇಲ್ಲ.

ಮೇಷ್ಟ್ರು: ಹಾಗಾದರೆ ಪಾಪ ಎಂದು ಏನು ಹೇಳಿಕೊಡುತ್ತೀರಿ?

ಸಿಸ್ಟರ್: ಒಂದು ಸಲ ದಶಾಜ್ಞೆಯ ಪಾಠ ನಡೆದಿತ್ತು. ಕದಿಯಬಾರದು ಎಂದು ಹೇಳಿ ಮುಗಿಸುವ ಮೊದಲೇ ಒಬ್ಬ ಎದ್ದು ನಿಂತು, ಹಸಿವಾದಾಗ ಬೇರೆಯವರ ಪೇರಳೆ ಕಿತ್ತರೆ ಪಾಪವೇ ಎಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. ಅವರಲ್ಲಿ ಪೇರಳೆ ಕೀಳದವರು ಯಾರೂ ಇರಲಿಕ್ಕಿಲ್ಲ. ಕದ್ದದ್ದು ಕದ್ದದ್ದೇ ಎಂದು ಹೇಳಿ ಕೂರಿಸಿದ್ದರೆ ಪಾಠ ಸುಲಭವಾಗಿ ಮುಗಿಯುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು. ಹದಿಮೂರನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು, ಪ್ರಾಣಕ್ಕೆ ಕುತ್ತು ಬರುವಂಥ ಅಗತ್ಯದಲ್ಲಿ ಇನ್ನೊಬ್ಬರ ವಸ್ತುವನ್ನು ತೆಗೆದುಕೊಂಡರೆ ಅದು ಕಳ್ಳತನವಲ್ಲ ಎಂದು ಬರೆದಿದ್ದಾರೆ. ಇಂದಿನ ಧರ್ಮೋಪದೇಶದ ಗ್ರಂಥವೂ ಹಾಗೆಯೇ ಹೇಳುತ್ತದೆ. ಭೂಮಿಯ ಸೊತ್ತು ಮೊದಲು ಎಲ್ಲರ ಬದುಕಿಗಾಗಿ ಇರುವುದು. ಬಡ ಮಕ್ಕಳಿಗೆ ಸಂಸ್ಕಾರದ ಪಾಠ ಹೇಳುವ ಸಿಸ್ಟರ್‌ಗೆ ಬೇರೇನು ಗೊತ್ತಿಲ್ಲದಿದ್ದರೂ ಇದು ಗೊತ್ತಿರಲೇಬೇಕು. ನಾನು ಅವನಿಗೆ, ಹೊಟ್ಟೆ ತಡೆಯದೆ ತಿಂದದ್ದಕ್ಕೆ ಹೆದರಬೇಡ, ಆದರೆ ಇನ್ನು ಮುಂದೆ ಹಸಿವಾದರೆ ಮೊದಲು ಇಲ್ಲಿಗೆ ಬಾ ಎಂದೆ. ತಂಗಿಯ ಪಾಲನ್ನು ಕಿತ್ತು ತಿಂದಿದ್ದರೆ ಅದನ್ನು ಗುರುಗಳಿಗೆ ಹೇಳು ಎಂದೂ ಸೇರಿಸಿದೆ. ಅವನು ತಲೆ ತಗ್ಗಿಸಿದ.

ಮೇಷ್ಟ್ರು: ಇಂಥ ಪಾಠ ನಮ್ಮ ಪಠ್ಯದಲ್ಲೂ ಇಲ್ಲ.

ಸಿಸ್ಟರ್: ತಪ್ಪು ಮಾಡಿದೆ ಎಂದು ಹೇಳಿಕೊಳ್ಳಬೇಕಾದರೆ ನಾನೂ ಲೆಕ್ಕಕ್ಕೆ ಬರುವ ಮನುಷ್ಯ ಎಂಬ ಭಾವನೆ ಮೊದಲು ಬರಬೇಕು. ಈ ಮಕ್ಕಳಿಗೆ ದಿನವಿಡೀ ಬೈಗುಳ ಬೀಳುತ್ತದೆ. ಮೇಸ್ತ್ರಿ ಬೈಯುತ್ತಾನೆ, ಅಂಗಡಿಯವನು ಬೈಯುತ್ತಾನೆ, ಕುಡಿದು ಬಂದ ತಂದೆ ಬೈಯುತ್ತಾನೆ. ಯಾರೂ ಕೂತು, ನೀನು ಏನು ಮಾಡಿದೆ, ಏಕೆ ಮಾಡಿದೆ ಎಂದು ಕೇಳುವುದಿಲ್ಲ, ಕೇಳಿ ಕ್ಷಮಿಸುವುದಿಲ್ಲ. ಪಾಪನಿವೇದನೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಪೂರ್ತಿ ಕಿವಿಗೊಟ್ಟು ಕೇಳುತ್ತಾನೆ. ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆ ಹೇಳುವುದಿಲ್ಲ. ಕೊನೆಗೆ, ಸಮಾಧಾನದಿಂದ ಹೋಗು ಮಗು ಎನ್ನುತ್ತಾನೆ. ಮೊದಲ ಪಾಪನಿವೇದನೆ ಮುಗಿಸಿದ ಮಕ್ಕಳು ಅಂಗಳಕ್ಕೆ ಓಡಿ ಬರುವುದನ್ನು ನೀವು ನೋಡಬೇಕು.

ಮೇಷ್ಟ್ರು: ಮದರ್ ತೆರೇಸಾ ಕೂಡ ಮಕ್ಕಳಿಂದಲೇ ಶುರು ಮಾಡಿದ್ದಲ್ಲವೇ?

ಸಿಸ್ಟರ್: ಹೌದು, 1948ರ ಡಿಸೆಂಬರಿನಲ್ಲಿ, ಕಲ್ಕತ್ತದ ಮೋತಿಝೀಲ್ ಕೊಳೆಗೇರಿಯಲ್ಲಿ. ಹಲಗೆ ಇಲ್ಲ, ಬೆಂಚಿಲ್ಲ, ಕಡ್ಡಿಯಿಂದ ನೆಲದ ಮೇಲೆ ಬಂಗಾಳಿ ಅಕ್ಷರ ಬರೆದರು. ಬಹು‌ಮಾನ ಕೊಡುತ್ತಿದ್ದದ್ದು ಸೋಪು. ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಪಿಯುಸ್ ಪೋಪರ ಆ ಆಜ್ಞೆ ಹೊರಟ ಹದಿನೆಂಟನೆಯ ದಿನ, 1910ರ ಆಗಸ್ಟ್ 26ರಂದು, ಮದರ್ ಹುಟ್ಟಿದರು. ಐದೂವರೆ ವರ್ಷಕ್ಕೇ ಪ್ರಸಾದ ಸ್ವೀಕರಿಸಿದರು. ಆತ್ಮಗಳ ಮೇಲಿನ ಪ್ರೀತಿ ತನ್ನಲ್ಲಿ ಹುಟ್ಟಿದ್ದು ಆ ದಿನದಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಸಣ್ಣ ಮಗುವಿಗೆ ಏನು ತಿಳಿಯುತ್ತದೆ ಎಂದು ನೀವು ಮೊದಲಿಗೆ ಕೇಳಿದಿರಿ. ನನ್ನ ಉತ್ತರ ಇದು.

ಮೇಷ್ಟ್ರು: ಮುಂದಿನ ತಿಂಗಳು ಈ ಸಲದ ಪ್ರಸಾದ ಅಲ್ಲವೇ? ಎಲ್ಲರೂ ತಯಾರಾಗಿದ್ದಾರೆಯೇ?

ಸಿಸ್ಟರ್: ಒಬ್ಬಳು ಕೈ ಚಾಚಲು ಒಪ್ಪುತ್ತಿರಲಿಲ್ಲ. ಬಲಗೈ ಕೆಳಗೆ, ಎಡಗೈ ಮೇಲೆ, ಅಂಗೈ ತೆರೆದು ಹಿಡಿಯಬೇಕು. ಎಲ್ಲರೂ ಹಿಡಿದರು. ಇವಳು ಮಾತ್ರ ಕೈಯನ್ನು ಫ್ರಾಕಿನ ಹಿಂದೆ ಬಚ್ಚಿಟ್ಟಳು. ಹತ್ತಿರ ಕರೆದು ನೋಡಿದೆ. ಬೆರಳ ಸಂದಿ, ಉಗುರಿನ ಬುಡ, ಅಂಗೈಯ ಗೆರೆಗಳೆಲ್ಲ ಕಪ್ಪು. ಹಣ್ಣಿನ ಅಂಟು ಒಣಗಿ ಕೂತಿತ್ತು. ತಾಯಿಯ ಚೀಲ ತುಂಬಲೆಂದು ಅವಳೂ ಬೆಳಗ್ಗೆಯಿಂದ ಕುಯ್ಯುತ್ತಿದ್ದಳು. ಕೊಳೆ ಕೈಗೆ ಯೇಸುವನ್ನು ಹೇಗೆ ಕೊಡುತ್ತಾರೆ ಎಂದು ಕೇಳಿದಳು. ಇದು ಕೊಳೆಯಲ್ಲ, ಕೆಲಸದ ಗುರುತು, ಯೇಸುವಿನ ಕೈಯಲ್ಲೂ ಬಡಗಿಯ ಕೆಲಸದ ಗಾಯಗಳಿದ್ದವು ಎಂದು ಸಮಾಧಾನ ಹೇಳಿದೆ. ಅದು ಅವಳಿಗೆ ಹೇಳಿದ್ದು. ಮಾರನೆಯ ದಿನ ತೋಟದ ಮಾಲೀಕರಲ್ಲಿಗೆ ಹೋಗಿ, ಎಂಟು ವರ್ಷದ ಮಗುವಿನ ಕೈ ಹೀಗಿದೆ, ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಹಚ್ಚುವುದು ಕಾನೂನಿನಲ್ಲಿ ಅಪರಾಧ, ನಿಮ್ಮ ಮೊಮ್ಮಗಳು ಇವಳ ಪಕ್ಕದಲ್ಲೇ ಪ್ರಸಾದಕ್ಕೆ ನಿಲ್ಲುತ್ತಾಳೆ ಎಂದು ಹೇಳಿದೆ. ಅವರಿಗೆ ಸಿಟ್ಟು ಬಂತು. ಕೂಲಿಗೆ ತಾಯಿಯ ಹೆಸರು ಮಾತ್ರ ಇದೆ, ಮಗು ಸುಮ್ಮನೆ ಜೊತೆಗೆ ಬರುತ್ತದೆ ಎಂದರು. ಆದರೆ ಮೂರನೆಯ ದಿನದಿಂದ ಕುಯ್ಲಿನ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಲೈನಿನಲ್ಲಿ ಒಬ್ಬ ಅಜ್ಜಿಯನ್ನು ನೇಮಿಸಿದ್ದಾರೆ.

ಮೇಷ್ಟ್ರು: ಅವಳು ನನ್ನ ಶಾಲೆಯಲ್ಲಿ ಇರಬೇಕಾದವಳು.

ಸಿಸ್ಟರ್: ಅದನ್ನೇ ಹೇಳಬೇಕೆಂದಿದ್ದೆ. ಕುಯ್ಲು ಮುಗಿದ ಮೇಲೂ ಮರಗಸಿ, ಗೊಬ್ಬರ, ಕಳೆ ಎಂದು ಆರು ಮನೆಯವರು ಇಲ್ಲೇ ಉಳಿಯುತ್ತಾರೆ. ಹನ್ನೊಂದು ಮಕ್ಕಳು. ಹೋದ ವರ್ಷ ಇವರಲ್ಲಿ ಕೆಲವರನ್ನು ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ಒಂದು ಶಾಲೆಯವರು ವಾಪಸ್ ಕಳಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟವಾಗಿದೆ. ಆದರೂ ನಿಮಗೆ ತೊಂದರೆಯಾಗಬಾರದೆಂದು ಒಂದು ಕೆಲಸ ಮಾಡಿದ್ದೇನೆ. ಪ್ರಸಾದದ ತಯಾರಿಗೆಂದು ಗುಮ್ಲಾ, ಸಿಮ್ಡೇಗಾದ ಇಗರ್ಜಿಗಳಿಗೆ ಬರೆದು ದೀಕ್ಷಾಸ್ನಾನದ ಪತ್ರ ತರಿಸಿದ್ದೆನಲ್ಲ, ಅದರಲ್ಲಿ ಹುಟ್ಟಿದ ತಾರೀಕು, ತಂದೆ ತಾಯಿಯ ಹೆಸರು, ಊರು ಎಲ್ಲ ಇದೆ. ಕೆಲವು ಮಕ್ಕಳ ಬಗ್ಗೆ ಈ ಲೋಕದಲ್ಲಿರುವ ಕಾಗದ ಅದೊಂದೇ. ಪ್ರತಿಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಉಳಿದವರಿಗೆ ತಂದೆ ತಾಯಿಯ ಹೇಳಿಕೆ ಬರೆಸಿಕೊಡುತ್ತೇನೆ. ಸರ್ನಾ ಮಕ್ಕಳದ್ದು, ಅಸ್ಸಾಮಿನವರದ್ದೂ ಸೇರಿಸಿ.

ಮೇಷ್ಟ್ರು: ಕೊಡಿ. ಶಾಲೆ ತೆರೆದ ಮೊದಲ ದಿನವೇ ಎಲ್ಲರನ್ನೂ ಕರೆತನ್ನಿ, ಹನ್ನೊಂದು ಹೆಸರನ್ನೂ ದಾಖಲಾತಿ ರಿಜಿಸ್ಟರಿಗೆ ನಾನೇ ಬರೆಯುತ್ತೇನೆ.